ಅಟ್ಲಾಂಟಾದ ಕೂಸುಗಳ ಲೆಕ್ಕ

ಗ್ರಹಣದ ಪಾಠಕ್ಕೆ ನಾನು ಬಳಸುವ ಸಾಮಗ್ರಿ ಮೂವತ್ತು ವರ್ಷಗಳಿಂದ ಬದಲಾಗಿಲ್ಲ. ಒಂದು ಟಾರ್ಚು, ಒಂದು ಕಿತ್ತಳೆ, ಒಂದು ನಿಂಬೆಹಣ್ಣು. ಕಿಟಕಿ ಮುಚ್ಚಿ ಟಾರ್ಚು ಹಚ್ಚಿದರೆ ನಿಂಬೆಹಣ್ಣಿನ ನೆರಳು ಕಿತ್ತಳೆಯ ಮೇಲೆ ಬೀಳುತ್ತದೆ. ಗ್ರಹಣ ಎಂದರೆ ಇಷ್ಟೇ ಎಂದು ಹೇಳಿ, ಪಾಠ ಮುಗಿದ ಮೇಲೆ ಕಿತ್ತಳೆಯನ್ನು ಮಕ್ಕಳಿಗೇ ಹಂಚಿಬಿಡುತ್ತೇನೆ. ಈ ಸಲವೂ ಹಾಗೇ ಮಾಡಿ ಹೊರಗೆ ಬಂದಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲವರೆಗೂ ಹಿಂದೆಯೇ ಬಂದಳು.

"ಸಾರ್, ಗ್ರಹಣದ ಹೊತ್ತಿನಲ್ಲಿ ಬಸುರಿ ಹೆಂಗಸು ಏನನ್ನಾದರೂ ಹೆಚ್ಚಿದರೆ ಹುಟ್ಟುವ ಮಗುವಿನ ತುಟಿ ಸೀಳಿರುತ್ತದಂತೆ. ನಿಜವಾ?"

"ಸುಳ್ಳಮ್ಮ" ಎಂದೆ.

"ಸುಳ್ಳು ಅಂತ ನಿಮಗೆ ಹೇಗೆ ಗೊತ್ತು ಸಾರ್?"

ಉದ್ಧಟತನದಿಂದ ಕೇಳಿದ್ದಲ್ಲ. ಅವಳ ತಮ್ಮ ಸೀಳುತುಟಿಯೊಂದಿಗೆ ಹುಟ್ಟಿದವನು. ಆಪರೇಷನ್ ಆಗಿ ಈಗ ಮೂಗಿನ ಕೆಳಗೆ ಒಂದು ಗೆರೆ ಮಾತ್ರ ಉಳಿದಿದೆ. ಆದರೆ 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಬೆಳಿಗ್ಗೆ ಅಮ್ಮ ಈಳಿಗೆಮಣೆ ಹಾಕಿಕೊಂಡು ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಿದ್ದೇ ಇದಕ್ಕೆಲ್ಲ ಕಾರಣ ಎಂದು ಅಜ್ಜಿ ಇಂದಿಗೂ ಹೇಳುತ್ತಾರಂತೆ. ಅಮ್ಮ ತಿರುಗಿ ಮಾತಾಡುವುದಿಲ್ಲವಂತೆ.

ಆ ಹುಡುಗಿಗೆ ನಾನು ವಂಶವಾಹಿ, ಜೀವಕೋಶ ಎಂದೆಲ್ಲ ಏನೋ ಹೇಳಿದೆ. ತಲೆಯಾಡಿಸಿ ಹೋದಳು. ಒಪ್ಪಿದ ತಲೆಯಾಟ ಅಲ್ಲ ಅದು. ಒಪ್ಪುವುದಾದರೂ ಹೇಗೆ? ಅಜ್ಜಿ ಹೇಳಿದ್ದೂ ಒಂದು ಮಾತು, ಮೇಷ್ಟ್ರು ಹೇಳಿದ್ದೂ ಒಂದು ಮಾತು. ಅವಳು ಕೇಳಿದ್ದು ಮಾತನ್ನಲ್ಲ, ಗೊತ್ತಾಗುವ ದಾರಿಯನ್ನು. ಆ ದಾರಿ ಎಣಿಕೆಯದು. ಇಂಥ ಎಣಿಕೆಯನ್ನು ಪಟ್ಟು ಹಿಡಿದು ನಡೆಸಿದ ಒಂದು ಊರಿನ ಕಥೆಯನ್ನು ಈ ವಾರ ಹೇಳುತ್ತೇನೆ. ಊರು ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾ. ಲೆಕ್ಕ ಶುರುವಾದದ್ದು 1967ರಲ್ಲಿ.

ಅದಕ್ಕೂ ಮುಂಚಿನ ಒಂದು ದುರಂತವನ್ನು ಮೊದಲು ಹೇಳಬೇಕು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆ ಮಾರುಕಟ್ಟೆಗೆ ಬಂತು. ಬಸುರಿಯರ ವಾಂತಿ, ಓಕರಿಕೆಗೂ ಒಳ್ಳೆಯದೆಂದು ಹಲವು ದೇಶಗಳಲ್ಲಿ ಕೊಟ್ಟರು. ಕೈಕಾಲು ಬೆಳೆಯದ, ಭುಜಕ್ಕೇ ಅಂಗೈ ಅಂಟಿದಂತಿದ್ದ ಮಕ್ಕಳು ಹುಟ್ಟತೊಡಗಿದರು. ಹ್ಯಾಂಬರ್ಗಿನ ಮಕ್ಕಳ ವೈದ್ಯ ವಿಡುಕಿಂಡ್ ಲೆಂಜ್ ಮತ್ತು ಸಿಡ್ನಿಯ ಹೆರಿಗೆ ವೈದ್ಯ ವಿಲಿಯಂ ಮೆಕ್‌ಬ್ರೈಡ್ 1961ರಲ್ಲಿ ಬೇರೆಬೇರೆಯಾಗಿ ಈ ಮಾತ್ರೆಯತ್ತ ಬೆರಳು ತೋರಿಸಿದರು. ಅಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು. ಲೋಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಇದಕ್ಕೆ ತುತ್ತಾದರೆಂದು ಅಂದಾಜು. ಅಮೆರಿಕದಲ್ಲಿ ಔಷಧ ಇಲಾಖೆಯ ಫ್ರಾನ್ಸಿಸ್ ಕೆಲ್ಸಿ ಎಂಬ ವೈದ್ಯೆ, ಕಂಪನಿ ಎಷ್ಟು ಒತ್ತಾಯಿಸಿದರೂ ಪುರಾವೆ ಸಾಲದೆಂದು ಮಾರಾಟಕ್ಕೆ ಒಪ್ಪಿಗೆ ಕೊಡದೆ ಕೂತರು. ಆ ದೇಶ ದೊಡ್ಡ ಅನಾಹುತದಿಂದ ಪಾರಾಯಿತು.

ಈ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಆದರೆ ಇದರಲ್ಲಿ ಅಡಗಿರುವ ಒಂದು ಲೆಕ್ಕವನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಥಾಲಿಡೊಮೈಡ್ ಸಿಕ್ಕಿಬಿದ್ದದ್ದು ಅದು ಉಂಟುಮಾಡಿದ ನ್ಯೂನತೆ ತೀರಾ ಅಪರೂಪದ್ದಾದ್ದರಿಂದ. ವೈದ್ಯರು ಜೀವಮಾನದಲ್ಲಿ ಒಮ್ಮೆಯೂ ನೋಡಿರದಂಥ ಕೂಸುಗಳು ಒಂದರ ಹಿಂದೊಂದು ಬಂದವು. ಬೆಚ್ಚಿಬೀಳದೆ ಇರಲು ಸಾಧ್ಯವಿರಲಿಲ್ಲ. ಅದರ ಬದಲು ಯಾವುದೋ ಮಾತ್ರೆ, ಅಪರೂಪವಲ್ಲದ ಸೀಳುತುಟಿಯನ್ನು ಎರಡು ಪಟ್ಟು ಮಾಡಿತು ಎಂದುಕೊಳ್ಳಿ. ಸೀಳುತುಟಿ ಸಾವಿರ ಮಕ್ಕಳಿಗೆ ಸುಮಾರು ಒಂದು. ವರ್ಷಕ್ಕೆ 200 ಹೆರಿಗೆ ಮಾಡಿಸುವ ವೈದ್ಯರು ಅಂಥ ಮಗುವನ್ನು ಐದು ವರ್ಷಕ್ಕೊಮ್ಮೆ ನೋಡುತ್ತಾರೆ. ಎರಡು ಪಟ್ಟಾದರೆ ಎರಡೂವರೆ ವರ್ಷಕ್ಕೊಮ್ಮೆ. ಇದರಲ್ಲಿ ಯಾರಿಗೆ ಏನು ಗೊತ್ತಾದೀತು? ಅದೇ ವರ್ಷಕ್ಕೆ 25 ಸಾವಿರ ಹೆರಿಗೆಯಾಗುವ ನಗರವನ್ನು ಒಟ್ಟಾಗಿ ನೋಡಿದರೆ 25 ಇದ್ದದ್ದು 50 ಆಗುತ್ತದೆ. ಎಷ್ಟೇ ಜಾಣ ವೈದ್ಯರಾದರೂ ಒಬ್ಬರ ಕಣ್ಣಿಗೆ ಬೀಳದ್ದು ಇಡೀ ನಗರದ ಲೆಕ್ಕದ ಪುಸ್ತಕಕ್ಕೆ ಬೀಳುತ್ತದೆ. ಆದರೆ ಒಂದು ಷರತ್ತು. ಮೊದಲಿದ್ದದ್ದು 25 ಎಂದು ಯಾರಾದರೂ ಬರೆದಿಟ್ಟಿರಬೇಕು.

ಹಾಗೆ ಬರೆದಿಡುವ ಕೆಲಸಕ್ಕೆ ಅಟ್ಲಾಂಟಾವೇ ಯಾಕೆ ಎಂದರೆ, ಸಿ.ಡಿ.ಸಿ. ಎಂದು ಹೆಸರಾದ ಅಮೆರಿಕದ ರೋಗನಿಯಂತ್ರಣ ಕೇಂದ್ರ ಇರುವುದೇ ಅಲ್ಲಿ. ಆ ಕೇಂದ್ರ ಅಲ್ಲಿ ಹುಟ್ಟಿದ್ದಕ್ಕೆ ಕಾರಣ ಸೊಳ್ಳೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮಲೇರಿಯಾ ಇತ್ತು. ಅದನ್ನು ಹತೋಟಿಗೆ ತರಲು ಅಟ್ಲಾಂಟಾದಲ್ಲಿ ತೆರೆದ ಕಚೇರಿಯೇ 1946ರಲ್ಲಿ ಈ ಕೇಂದ್ರವಾಯಿತು. ರೋಗ ಎಲ್ಲಿದೆ, ಯಾರಿಗಿದೆ, ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಸದಾ ಕಣ್ಣಿಡುವುದು ಅಲ್ಲಿಯವರ ಕಸುಬು. ಥಾಲಿಡೊಮೈಡ್ ಆದ ಮೇಲೆ ಅದೇ ಕಸುಬನ್ನು ಅವರು ಹುಟ್ಟುನ್ಯೂನತೆಗಳ ಮೇಲೆ ಪ್ರಯೋಗಿಸಿದರು. ಎಮರಿ ವಿಶ್ವವಿದ್ಯಾನಿಲಯ ಮತ್ತು ಜಾರ್ಜಿಯಾದ ಮಾನಸಿಕ ಆರೋಗ್ಯ ಸಂಸ್ಥೆ ಕೈಜೋಡಿಸಿದವು.

ಎಣಿಸುವುದೇನು ಮಹಾ ವಿದ್ಯೆ ಎನ್ನಬೇಡಿ. ಪ್ರತಿ ವರ್ಷ ಶಾಲೆಯಲ್ಲಿ ಮಕ್ಕಳ ಗಣತಿ ಮಾಡುವ ನನಗೆ ಅದರ ಕಷ್ಟ ಗೊತ್ತು. ಎಲ್ಲ ಆಸ್ಪತ್ರೆಗಳಿಗೂ ಒಂದೊಂದು ಫಾರಂ ಕಳಿಸಿ, 'ನ್ಯೂನತೆಯ ಮಗು ಹುಟ್ಟಿದರೆ ತುಂಬಿ ಕಳಿಸಿ' ಎನ್ನುವುದು ಸುಲಭದ ದಾರಿ. ಫಾರಂಗಳು ಬರುವುದಿಲ್ಲ. ಬಂದರೂ ಅರ್ಧ ತುಂಬಿರುತ್ತವೆ. ಅಟ್ಲಾಂಟಾದವರು ಫಾರಂಗಾಗಿ ಕಾಯದೆ ತಾವೇ ಹೊರಟರು. ತರಬೇತಾದ ಸಿಬ್ಬಂದಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ ಹೆರಿಗೆ ವಾರ್ಡಿನ ರಿಜಿಸ್ಟರು, ನವಜಾತ ಶಿಶುಗಳ ವಾರ್ಡು, ಮಕ್ಕಳ ಶಸ್ತ್ರಚಿಕಿತ್ಸೆಯ ಪಟ್ಟಿ, ವರ್ಣತಂತು ಪರೀಕ್ಷೆಯ ಪ್ರಯೋಗಾಲಯ, ಎಲ್ಲವನ್ನೂ ಪುಟ ತಿರುವಿ ನೋಡುತ್ತಿದ್ದರು. ಸತ್ತು ಹುಟ್ಟಿದ ಕೂಸುಗಳನ್ನೂ ಬಿಡಲಿಲ್ಲ. ಹೃದಯದ ರಂಧ್ರದಂಥವು ಹುಟ್ಟಿದ ದಿನವೇ ಗೊತ್ತಾಗುವುದಿಲ್ಲವಾದ್ದರಿಂದ, ಮಗುವಿಗೆ ಆರು ವರ್ಷ ತುಂಬುವುದರೊಳಗೆ ಪತ್ತೆಯಾದದ್ದನ್ನೂ ಸೇರಿಸಿಕೊಂಡರು. ಹಾಗೆ ತಂದ ಒಂದೊಂದು ಪ್ರಕರಣವನ್ನೂ ತಜ್ಞ ವೈದ್ಯರು ಓದಿ ಇದು ಇಂಥದ್ದೇ ಎಂದು ವರ್ಗೀಕರಿಸುತ್ತಿದ್ದರು.

ಇನ್ನೊಂದು ನಿಯಮ ನೋಡಿ. ಮಗು ಯಾವ ಆಸ್ಪತ್ರೆಯಲ್ಲಿ ಹುಟ್ಟಿತು ಎಂಬುದು ಮುಖ್ಯವಲ್ಲ, ಹೆರಿಗೆಯ ಹೊತ್ತಿಗೆ ತಾಯಿಯ ಮನೆ ಎಲ್ಲಿತ್ತು ಎಂಬುದೇ ಮುಖ್ಯ. ಫುಲ್ಟನ್, ಡಿಕಾಲ್ಬ್, ಕಾಬ್, ಕ್ಲೇಟನ್, ಗ್ವಿನೆಟ್ ಎಂಬ ಐದು ಕೌಂಟಿಗಳೊಳಗೆ ಮನೆ ಇದ್ದವರು ಮಾತ್ರ ಲೆಕ್ಕಕ್ಕೆ. ಯಾಕೆ ಹೀಗೆ? ದೊಡ್ಡ ಆಸ್ಪತ್ರೆಗೆ ದೂರದ ಊರುಗಳಿಂದ ಕಷ್ಟದ ಹೆರಿಗೆಗಳೇ ಬರುತ್ತವೆ. ಅವನ್ನು ಸೇರಿಸಿದರೆ ಆ ನಗರವೇ ಶಾಪಗ್ರಸ್ತವಾದಂತೆ ಕಾಣುತ್ತದೆ. ಭಾಗಿಸುವ ಸಂಖ್ಯೆ ಸರಿ ಇಲ್ಲದಿದ್ದರೆ ಭಾಗಾಕಾರ ಎಷ್ಟು ಸರಿಯಾಗಿ ಮಾಡಿದರೂ ಉತ್ತರ ತಪ್ಪು. ಇದನ್ನು ಗಣಿತದ ಮೇಷ್ಟ್ರು ಹೇಳಿದರೆ ಮಕ್ಕಳು ಮರೆಯುತ್ತಾರೆ. ಹೀಗೆ ಹೇಳಿದರೆ ನೆನಪಿಟ್ಟುಕೊಂಡಾರು ಎಂದು ಇಲ್ಲಿ ಬರೆದಿದ್ದೇನೆ.

ಲೆಕ್ಕದಿಂದ ಗೊತ್ತಾದ ಮೊದಲ ಸಂಗತಿ ಹಲವರಿಗೆ ಆಶ್ಚರ್ಯ ತರುತ್ತದೆ. ನೂರು ಮಕ್ಕಳಲ್ಲಿ ಸುಮಾರು ಮೂವರು, ಅಂದರೆ ಹೆಚ್ಚುಕಡಿಮೆ 33ಕ್ಕೆ ಒಬ್ಬರು, ಯಾವುದಾದರೂ ಒಂದು ಗಂಭೀರ ಹುಟ್ಟುನ್ಯೂನತೆ ಹೊತ್ತೇ ಬರುತ್ತಾರೆ. ಯುದ್ಧವಿಲ್ಲದಾಗಲೂ, ವಿಷವಿಲ್ಲದಾಗಲೂ, ಒಳ್ಳೆಯ ಊಟ ಉಂಡು ಒಳ್ಳೆಯ ಆಸ್ಪತ್ರೆಯಲ್ಲಿ ಹೆತ್ತವರಿಗೂ. ಹೃದಯದ ತೊಂದರೆಗಳೇ ಇದರಲ್ಲಿ ಹೆಚ್ಚು. ಬಹುಪಾಲಿಗೆ ಇಂಥದ್ದೇ ಕಾರಣ ಎಂದು ಇಂದಿಗೂ ತೋರಿಸಲಾಗಿಲ್ಲ.

ಎರಡನೆಯದು ಆಕಸ್ಮಿಕದ ಆಟ. ಒಂದು ಬೀದಿಯಲ್ಲಿ ಒಂದೇ ವರ್ಷ ಮೂರು ಮನೆಗಳಲ್ಲಿ ಇಂಥ ಮಕ್ಕಳು ಹುಟ್ಟಿದರೆ ಜನ ಗಾಬರಿಯಾಗುತ್ತಾರೆ. ಬಾವಿಯ ನೀರೋ ಕಾರ್ಖಾನೆಯ ಹೊಗೆಯೋ ಎಂದು ಹುಡುಕುತ್ತಾರೆ. ಹುಡುಕಲೇಬೇಕು, ತಪ್ಪಿಲ್ಲ. ಆದರೆ ಮನೆಯಲ್ಲಿ ಈ ಆಟ ಆಡಿ ನೋಡಿ. ನೆಲದ ಮೇಲೆ ಸೀಮೆಸುಣ್ಣದಿಂದ ನೂರು ಚೌಕ ಬರೆದು ಒಂದರಿಂದ ನೂರರವರೆಗೆ ಅಂಕಿ ಹಾಕಿ. ಅದೇ ಅಂಕಿಗಳ ನೂರು ಚೀಟಿ ಡಬ್ಬಿಯಲ್ಲಿರಲಿ. ಒಂದು ಚೀಟಿ ಎತ್ತಿ, ಆ ಚೌಕದಲ್ಲಿ ಒಂದು ಅವರೆಕಾಳು ಇಟ್ಟು, ಚೀಟಿಯನ್ನು ಮರಳಿ ಡಬ್ಬಿಗೆ ಹಾಕಿ ಕುಲುಕಿ. ಹೀಗೆ ನೂರು ಸಲ. ಚೌಕಕ್ಕೊಂದು ಕಾಳು ಬಂದೀತೆಂದು ನೀವು ಎಣಿಸಿದ್ದರೆ ನಗುವ ಸರದಿ ನನ್ನದು. ಸುಮಾರು 37 ಚೌಕಗಳು ಖಾಲಿ ಉಳಿಯುತ್ತವೆ. ಏಳೆಂಟರಲ್ಲಿ ಮೂರು ಅಥವಾ ಹೆಚ್ಚು ಕಾಳು ಗುಂಪುಗೂಡಿರುತ್ತವೆ. ಒಂದೆರಡರಲ್ಲಿ ನಾಲ್ಕೂ ಇರಬಹುದು. ಆ ಚೌಕದ ನೆಲದಲ್ಲಿ ದೋಷವೇನೂ ಇಲ್ಲ. ಮೂರು ಕಾಳಿನ ಚೌಕ ಸಹಜವೋ ಅಸಹಜವೋ ಎಂದು ಹೇಳಬೇಕಾದರೆ ನೂರೂ ಚೌಕಗಳನ್ನು ನೋಡಿರಬೇಕು. ಒಂದು ಚೌಕದಲ್ಲಿ ವಾಸವಾಗಿರುವವರಿಗೆ ಅದು ಸಾಧ್ಯವಿಲ್ಲ.

ಇನ್ನು ಈ ಲೆಕ್ಕದ ಪುಸ್ತಕ ತೆರೆದು ಉತ್ತರ ಕೊಟ್ಟ ಒಂದು ದೊಡ್ಡ ಪ್ರಶ್ನೆಗೆ ಬರೋಣ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನ್ಯ ಕಾಡಿನ ಎಲೆ ಉದುರಿಸಲು ಏಜೆಂಟ್ ಆರೆಂಜ್ ಎಂಬ ಕಳೆನಾಶಕವನ್ನು ವಿಮಾನಗಳಿಂದ ಸುರಿಯಿತು. ಅದರಲ್ಲಿ ಡಯಾಕ್ಸಿನ್ ಎಂಬ ವಿಷ ಬೆರೆತಿತ್ತು. ಮನೆಗೆ ಮರಳಿದ ಸೈನಿಕರಿಗೆ ನ್ಯೂನತೆಯ ಮಕ್ಕಳು ಹುಟ್ಟಿದಾಗ, 'ನಾನು ಅಲ್ಲಿ ಉಸಿರಾಡಿದ ಗಾಳಿಯೇ ನನ್ನ ಮಗುವಿಗೆ ಹೀಗೆ ಮಾಡಿತೇ?' ಎಂದು ತಂದೆಯರು ಕೇಳತೊಡಗಿದರು. ನಮ್ಮ ಹುಡುಗಿಯ ಅಮ್ಮನ ಪ್ರಶ್ನೆಗೂ ಇದಕ್ಕೂ ಹೆಚ್ಚು ದೂರವಿಲ್ಲ. ಉತ್ತರಿಸಲು ಹೊಸದಾಗಿ ಮಕ್ಕಳನ್ನು ಹುಡುಕಬೇಕಾಗಿರಲಿಲ್ಲ. 1968ರಿಂದ 1980ರವರೆಗೆ ಹುಟ್ಟಿದವರ ಪಟ್ಟಿ ಅಟ್ಲಾಂಟಾದಲ್ಲಿ ಸಿದ್ಧವಿತ್ತು. ಡೇವಿಡ್ ಎರಿಕ್ಸನ್ ಮತ್ತು ಸಂಗಡಿಗರು ನ್ಯೂನತೆಯಿದ್ದ ಏಳು ಸಾವಿರಕ್ಕೂ ಹೆಚ್ಚು, ಇಲ್ಲದ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳ ತಂದೆತಾಯಿಯರನ್ನು ಆರಿಸಿ, ವಿಚಾರಿಸಿ, 1984ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟಾರೆಯಾಗಿ ನೋಡಿದರೆ ವಿಯೆಟ್ನಾಂಗೆ ಹೋಗಿಬಂದ ತಂದೆಯರಿಗೆ ಅಂಥ ಮಕ್ಕಳು ಹುಟ್ಟುವ ಸಂಭವ ಉಳಿದವರಿಗಿಂತ ಹೆಚ್ಚಿರಲಿಲ್ಲ. ಸ್ಪೈನಾ ಬೈಫಿಡಾ ಮುಂತಾದ ಒಂದೆರಡರಲ್ಲಿ ಮಾತ್ರ ಅನುಮಾನದ ಎಳೆ ಉಳಿಯಿತು. ಮುಂದೆ ಬೇರೆ ಅಧ್ಯಯನಗಳನ್ನೂ ನೋಡಿ, ವಿಯೆಟ್ನಾಂ ಯೋಧರ ಸ್ಪೈನಾ ಬೈಫಿಡಾ ಮಕ್ಕಳಿಗೆ ನೆರವು ಕೊಡಲು ಅಮೆರಿಕ 1996ರಲ್ಲಿ ಕಾನೂನು ಮಾಡಿತು.

ಸ್ಪೈನಾ ಬೈಫಿಡಾ ಎಂದರೇನು ಎಂದು ಹೇಳಿಬಿಡುತ್ತೇನೆ, ಯಾಕೆಂದರೆ ಕಥೆ ಇಲ್ಲಿ ತಿರುವು ಪಡೆಯುತ್ತದೆ. ಗರ್ಭದಲ್ಲಿ ಮಗುವಿನ ಮಿದುಳು, ಬೆನ್ನುಹುರಿ ಮೊದಲಿಗೆ ಒಂದು ಚಪ್ಪಟೆ ಪಟ್ಟಿ. ಬಾಳೆಲೆಯನ್ನು ಸುರುಳಿ ಸುತ್ತಿದಂತೆ ಅದರ ಎರಡು ಅಂಚುಗಳು ಮೇಲೆದ್ದು ಕೂಡಿ ಕೊಳವೆಯಾಗುತ್ತವೆ. ಇದು ನರಕೊಳವೆ. ಬೆನ್ನಿನ ಕಡೆ ಅದು ಪೂರ್ತಿ ಮುಚ್ಚದೆ ಉಳಿದರೆ ಸ್ಪೈನಾ ಬೈಫಿಡಾ. ಕಾಲಿನ ಶಕ್ತಿ, ಮಲಮೂತ್ರದ ಹಿಡಿತ ಜೀವಮಾನವಿಡೀ ಕಷ್ಟ. ತಲೆಯ ಕಡೆ ಮುಚ್ಚದೆ ಉಳಿದರೆ ಮಗು ಬದುಕುವುದೇ ಇಲ್ಲ.

ಸೈನಿಕರ ವಿಷಯ ಕೇಳಲು ಹೋದವರು ತಾಯಂದಿರನ್ನು ಇನ್ನೂ ಎಷ್ಟೋ ಸಂಗತಿ ಕೇಳಿದ್ದರು. ಅದರಲ್ಲೊಂದು, ಗರ್ಭ ನಿಲ್ಲುವ ಆಸುಪಾಸಿನಲ್ಲಿ ವಿಟಮಿನ್ ಮಾತ್ರೆ ನುಂಗುತ್ತಿದ್ದಿರಾ ಎಂಬುದು. ಇಂಗ್ಲೆಂಡಿನ ಲೀಡ್ಸ್‌ನ ರಿಚರ್ಡ್ ಸ್ಮಿತೆಲ್ಸ್ ಎಂಬ ಮಕ್ಕಳ ವೈದ್ಯರು, ವಿಟಮಿನ್ ಕೊಟ್ಟರೆ ನರಕೊಳವೆಯ ನ್ಯೂನತೆ ಕಡಿಮೆಯಾಗುತ್ತದೆಂದು 1980ರಲ್ಲೇ ಬರೆದಿದ್ದರು. ಹೆಚ್ಚು ಮಂದಿ ನಂಬಿರಲಿಲ್ಲ. ಅಟ್ಲಾಂಟಾದ ಉತ್ತರಗಳನ್ನು ಜೋಸೆಫ್ ಮುಲಿನೇರ್ ಮತ್ತು ಸಂಗಡಿಗರು ಈ ದೃಷ್ಟಿಯಿಂದ ಜಾಲಾಡಿ 1988ರಲ್ಲಿ ಪ್ರಕಟಿಸಿದಾಗ, ಮಾತ್ರೆ ನುಂಗುತ್ತಿದ್ದವರಲ್ಲಿ ಈ ನ್ಯೂನತೆಯ ಸಂಭವ ನುಂಗದವರದರ ಶೇಕಡಾ 40ರಷ್ಟು ಮಾತ್ರ ಇತ್ತು. ಯುದ್ಧದ ವಿಷವನ್ನು ಹುಡುಕಲು ತೋಡಿದ ಬಾವಿಯಲ್ಲಿ ಬೇರೆಯದೇ ನೀರು ಸಿಕ್ಕಿತು.

ಅವರು ಕುಣಿದಾಡಲಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮಾತ್ರೆ ನುಂಗುವ ಹೆಂಗಸರು ಸಾಮಾನ್ಯವಾಗಿ ಹೆಚ್ಚು ಓದಿದವರು, ಅನುಕೂಲಸ್ಥರು, ಆರೋಗ್ಯದ ಬಗ್ಗೆ ಎಚ್ಚರವಿರುವವರು. ಕಾಪಾಡಿದ್ದು ಮಾತ್ರೆಯೋ ಅನುಕೂಲವೋ? ಇದನ್ನು ಬರೀ ಎಣಿಕೆಯಿಂದ ಬಿಡಿಸಲಾಗದು, ಪ್ರಯೋಗ ಬೇಕು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಏಳು ದೇಶಗಳ 33 ಕೇಂದ್ರಗಳಲ್ಲಿ, ಹಿಂದೆ ಇಂಥದೇ ಮಗು ಹೆತ್ತಿದ್ದ 1,817 ತಾಯಂದಿರನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಿತು. ಅರ್ಧದಷ್ಟು ಮಂದಿಗೆ ಫೋಲಿಕ್ ಆಮ್ಲ, ಉಳಿದವರಿಗೆ ಇಲ್ಲ. ಫೋಲಿಕ್ ಆಮ್ಲ ಪಡೆಯದವರಲ್ಲಿ 21 ಮಕ್ಕಳಿಗೆ ನ್ಯೂನತೆ ಮರುಕಳಿಸಿತು, ಪಡೆದವರಲ್ಲಿ 6. ವ್ಯತ್ಯಾಸ ಅಷ್ಟು ಸ್ಪಷ್ಟವಾದ್ದರಿಂದ 1991ರಲ್ಲಿ ಪ್ರಯೋಗವನ್ನು ಮುಂಚಿತವಾಗಿಯೇ ನಿಲ್ಲಿಸಿದರು. ಗೊತ್ತಿದ್ದೂ ಉಳಿದ ತಾಯಂದಿರಿಗೆ ಕೊಡದೆ ಇರುವುದು ಅನ್ಯಾಯವೆಂದು. ಮರುವರ್ಷವೇ ಅಮೆರಿಕದ ಆರೋಗ್ಯ ಇಲಾಖೆ, ಗರ್ಭ ಧರಿಸಬಹುದಾದ ಪ್ರತಿಯೊಬ್ಬ ಹೆಂಗಸೂ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇವಿಸಬೇಕೆಂದು ಸಾರಿತು. ಮುಂದೆ ಚೀನಾದಲ್ಲಿ ಸಿ.ಡಿ.ಸಿ. ಜತೆಗೂಡಿ ಸುಮಾರು ಎರಡೂವರೆ ಲಕ್ಷ ಹೆಂಗಸರ ನಡುವೆ ನಡೆದ ಕೆಲಸದ ವರದಿ 1999ರಲ್ಲಿ ಬಂತು. ಉತ್ತರ ಚೀನಾದಲ್ಲಿ ಸಾವಿರಕ್ಕೆ 4.8 ಇದ್ದದ್ದು, ಮಾತ್ರೆಯನ್ನು ಸಕಾಲಕ್ಕೆ ನುಂಗಿದವರಲ್ಲಿ 1.0ಕ್ಕೆ ಇಳಿದಿತ್ತು.

ಹೇಳಿದ ಮಾತ್ರಕ್ಕೆ ಎಲ್ಲರೂ ಮಾತ್ರೆ ನುಂಗುತ್ತಾರೆಯೇ? ಇಲ್ಲ. ಅದಕ್ಕೇ ಅಮೆರಿಕ 1998ರಿಂದ ಬ್ರೆಡ್ಡಿನ ಹಿಟ್ಟಿಗೇ ಫೋಲಿಕ್ ಆಮ್ಲ ಬೆರೆಸುವುದನ್ನು ಕಡ್ಡಾಯ ಮಾಡಿತು, 100 ಗ್ರಾಂಗೆ 140 ಮೈಕ್ರೋಗ್ರಾಂ. ಗಳಗಂಡ ತಡೆಯಲು ನಾವು ಉಪ್ಪಿಗೆ ಅಯೋಡಿನ್ ಬೆರೆಸಿದ ಹಾಗೆ. ಅಟ್ಲಾಂಟಾ ಮತ್ತು ಅದನ್ನು ನೋಡಿ ಇತರ ರಾಜ್ಯಗಳು ಶುರುಮಾಡಿದ್ದ ಲೆಕ್ಕದ ಪುಸ್ತಕಗಳಲ್ಲಿ ನರಕೊಳವೆಯ ಅಂಕಿ ಇಳಿಯಿತು. ವರ್ಷಕ್ಕೆ ಸುಮಾರು 1,300 ಮಕ್ಕಳು ಈ ಹಿಟ್ಟಿನಿಂದಾಗಿ ಪಾರಾಗುತ್ತಿದ್ದಾರೆಂದು 2015ರಲ್ಲಿ ಅಂದಾಜು ಮಾಡಲಾಯಿತು. ಅದೇ ಪುಸ್ತಕ ಇನ್ನೊಂದನ್ನೂ ತೋರಿಸಿತು. ಮೆಕ್ಸಿಕೊ ಮೂಲದವರೂ ಸೇರಿದ ಹಿಸ್ಪಾನಿಕ್ ತಾಯಂದಿರ ಮಕ್ಕಳಲ್ಲಿ ಈ ನ್ಯೂನತೆ ಉಳಿದವರಿಗಿಂತ ಹೆಚ್ಚಾಗಿಯೇ ಉಳಿದಿತ್ತು. ಆ ಮನೆಗಳಲ್ಲಿ ಹಲವರ ಆಹಾರ ಬ್ರೆಡ್ಡಲ್ಲ, ಜೋಳದ ಹಿಟ್ಟಿನ ರೊಟ್ಟಿ. ನಮ್ಮ ಬಿಳಿಜೋಳವಲ್ಲ, ಮುಸುಕಿನ ಜೋಳ. ಆ ಹಿಟ್ಟಿಗೆ ಯಾರೂ ಏನೂ ಬೆರೆಸಿರಲಿಲ್ಲ. 2016ರಲ್ಲಿ ಅದಕ್ಕೂ ಬೆರೆಸಲು ಅನುಮತಿ ಸಿಕ್ಕಿತು. ಸರಕಾರದ ಯೋಜನೆ ಯಾರ ತಟ್ಟೆಯನ್ನು ಮರೆತಿದೆ ಎಂಬುದೂ ಎಣಿಸಿದರೇ ಗೊತ್ತಾಗುವುದು.

ಅದೇ ಸುಮಾರಿನಲ್ಲಿ ಬ್ರೆಜಿಲ್‌ನಿಂದ ಇನ್ನೊಂದು ಸುದ್ದಿ ಬಂತು. 2015ರಲ್ಲಿ ಅಲ್ಲಿನ ಈಶಾನ್ಯ ಭಾಗದ ವೈದ್ಯರು ತೀರಾ ಚಿಕ್ಕ ತಲೆಯ ಕೂಸುಗಳನ್ನು ಕಂಡರು. ಸೊಳ್ಳೆಯಿಂದ ಹರಡುವ ಝಿಕಾ ವೈರಸ್ಸಿನ ಮೇಲೆ ಅನುಮಾನ. ಅಮೆರಿಕಕ್ಕೂ ಬಂದರೆ ಗೊತ್ತಾಗುವುದು ಹೇಗೆ? ಝಿಕಾ ಇಲ್ಲದ ಕಾಲದಲ್ಲಿ ಇಂಥ ಮಕ್ಕಳು ಎಷ್ಟಿದ್ದರು ಎಂಬ ಅಂಕಿ ಬೇಕು. ಅಟ್ಲಾಂಟಾ ಮತ್ತು ಇನ್ನೆರಡು ರಾಜ್ಯಗಳ 2013-14ರ ಪುಸ್ತಕ ತೆರೆದರು. ಸಾವಿರಕ್ಕೆ 2.86. ಝಿಕಾ ತಗುಲಿದ ಸುಳಿವಿದ್ದ ತಾಯಂದಿರಲ್ಲಿ 2016ರಲ್ಲಿ ಕಂಡದ್ದು ಇದರ ಸುಮಾರು 20 ಪಟ್ಟು. ಬೆಂಕಿ ಬಿದ್ದ ಮೇಲೆ ಬಾವಿ ತೋಡಬೇಕಾಗಲಿಲ್ಲ.

ಈಗ ನಮ್ಮ ಕಡೆಗೆ. ನರಕೊಳವೆ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ 28ನೇ ದಿನದೊಳಗೆ. ಆ ಹೊತ್ತಿಗೆ ಹೆಂಗಸಿಗೆ ಮುಟ್ಟು ತಪ್ಪಿ ಎರಡು ವಾರವಾಗಿದ್ದರೆ ಹೆಚ್ಚು. ನಮ್ಮಲ್ಲಿ ಎಷ್ಟೋ ಮಂದಿ ಆಶಾ ಕಾರ್ಯಕರ್ತೆಗೆ ತಿಳಿಸಿ ತಾಯಿ ಕಾರ್ಡ್ ಮಾಡಿಸುವುದು ಎರಡೋ ಮೂರೋ ತಿಂಗಳು ಕಳೆದ ಮೇಲೆ. ಅಂದು ಕೈಗೆ ಬರುವ ಮಾತ್ರೆ ರಕ್ತಕ್ಕೆ ಒಳ್ಳೆಯದು, ಬೆನ್ನುಹುರಿಗೆ ತಡವಾಯಿತು. ಆದ್ದರಿಂದ ಮದುವೆಯಾಗಿ ಮಗು ಬಯಸುವ ಹೆಣ್ಣುಮಕ್ಕಳು ಬಸುರಾಗುವ ಮುಂಚೆಯೇ ವೈದ್ಯರನ್ನು ಕಂಡು ಫೋಲಿಕ್ ಆಮ್ಲ ಶುರುಮಾಡಬೇಕು. ಪ್ರಮಾಣವನ್ನು ವೈದ್ಯರೇ ಹೇಳಬೇಕು. ಹಿಂದೆ ಇಂಥ ಮಗುವಾಗಿದ್ದವರಿಗೆ ಅದು ಹೆಚ್ಚು ಬೇಕಾಗುತ್ತದೆ. ಇದನ್ನು ಮಗಳಿಗೆ, ಸೊಸೆಗೆ ಹೇಳಬೇಕಾದವರು ಈ ಪುಟ ಓದುವ ತಾಯಂದಿರು. ಸೊಪ್ಪು, ಕಾಳುಗಳಲ್ಲೂ ಈ ವಿಟಮಿನ್ ಇದೆ. ನೀರಿನಲ್ಲಿ ಕರಗುತ್ತದೆ, ಹೆಚ್ಚು ಬೇಯಿಸಿದರೆ ನಾಶವಾಗುತ್ತದೆ. ಬಸ್ಸಾರು ಮಾಡುವವರು ಬಸಿದ ನೀರನ್ನು ಚೆಲ್ಲದೆ ಸಾರಿಗೇ ಬಳಸುವುದು ಜಾಣತನವೇ, ಆದರೆ ಈ ಕೆಲಸಕ್ಕೆ ಅದೊಂದನ್ನೇ ನೆಚ್ಚಬೇಡಿ.

ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ ಕಬ್ಬಿಣದ ಜತೆ ಫೋಲಿಕ್ ಆಮ್ಲವೂ ಇದೆ. ಅದು ಮುಖ್ಯವಾಗಿ ರಕ್ತಹೀನತೆಗೆ. ಕಿಟಕಿಯಿಂದ ಆಚೆ ಬಿದ್ದ ನೀಲಿ ಮಾತ್ರೆಗಳನ್ನು ನಾನೇ ಆರಿಸಿದ್ದೇನೆ. ಹಸಿದ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುವುದು ನಿಜ. ಮಧ್ಯಾಹ್ನ ಊಟವಾದ ಮೇಲೆ ನುಂಗಿ. ಮಲ ಕಪ್ಪಾದರೆ ಹೆದರಬೇಡಿ.

ಆ ಹುಡುಗಿಗೆ ಉತ್ತರ ಹೇಳಲು ಒಂದು ವಾರ ತೆಗೆದುಕೊಂಡೆ. ಅಟ್ಲಾಂಟಾದವರು ಗ್ರಹಣಕ್ಕೆ ಮಡಿ ಮಾಡುವವರಲ್ಲ. 2017ರ ಆಗಸ್ಟ್ 21ರಂದು ಅಲ್ಲಿ ಸೂರ್ಯ ಶೇಕಡಾ 97ರಷ್ಟು ಮುಚ್ಚಿದಾಗ ಜನ ಕಪ್ಪು ಕನ್ನಡಕ ಹಾಕಿಕೊಂಡು ಬೀದಿಗೇ ಬಂದಿದ್ದರು. ಗ್ರಹಣ ಕಾಣದ ವರ್ಷಗಳಲ್ಲೂ ಆ ಪುಸ್ತಕದಲ್ಲಿ ಸೀಳುತುಟಿಯ ಮಕ್ಕಳಿದ್ದಾರೆ. ಇದನ್ನು ಹೇಳಿ, ಒಂದು ಹಾಳೆ ಕೊಟ್ಟು ಲೆಕ್ಕ ಮಾಡಲು ಹೇಳಿದೆ. ಮೇಲ್ದುಟಿಯ ಭಾಗಗಳು ಎರಡೂ ಕಡೆಯಿಂದ ಬಂದು ಕೂಡಿಕೊಳ್ಳುವುದು ಗರ್ಭ ಕಟ್ಟಿದ ಏಳನೇ ವಾರದೊಳಗೆ. ತಮ್ಮ ಹುಟ್ಟಿದ್ದು 2020ರ ಜನವರಿ ಮೂರನೇ ವಾರ, ತಿಂಗಳು ತುಂಬಿದ ಹೆರಿಗೆ. ಹಿಂದಕ್ಕೆ 38 ವಾರ ಎಣಿಸಿದಳು, ಏಪ್ರಿಲ್ ಕೊನೆಗೆ ಬಂತು. ಮುಂದಕ್ಕೆ ಏಳು ವಾರ, ಜೂನ್ ನಡುವಿಗೆ ಬಂತು. ಡಿಸೆಂಬರ್ 26ಕ್ಕೆ ಅಮ್ಮನಿಗೆ ಒಂಬತ್ತನೇ ತಿಂಗಳು. ಈರುಳ್ಳಿ ಹೆಚ್ಚುವ ಹೊತ್ತಿಗೆ ಆ ತುಟಿ ಸೀಳಿಯೇ ಇದ್ದು ಆರು ತಿಂಗಳಾಗಿತ್ತು.

ಹಾಳೆಯನ್ನು ಮನೆಗೆ ಒಯ್ದಳು. ಮಾರನೆಯ ದಿನ ಮತ್ತೆ ಸ್ಟಾಫ್ ರೂಮಿನ ಬಾಗಿಲಲ್ಲಿ.

"ಅಮ್ಮ ಎರಡು ಸಲ ಓದಿಸಿಕೊಂಡರು ಸಾರ್. ಆಮೇಲೆ ತಾಯಿ ಕಾರ್ಡಿನ ಒಳಗೆ ಮಡಚಿ ಇಟ್ಟರು."

"ಅಜ್ಜಿ?"

"ಅಜ್ಜಿ ಕೇಳಿದರು, ಹಾಗಾದರೆ ಜೂನ್ ತಿಂಗಳಲ್ಲಿ ಇವಳು ಏನು ಮಾಡಿದಳು ಅಂತ."

ಏನೂ ಮಾಡಿರಲಿಲ್ಲ ಎಂದು ಅಜ್ಜಿಗೆ ಹೇಳು ಎಂದೆ. ಬಸುರಿಯರ ಬೀಡಿ ಸಿಗರೇಟು ಸೀಳುತುಟಿಯ ಸಂಭವ ಹೆಚ್ಚಿಸುತ್ತದೆ ಎಂಬುದು ಸಾಬೀತಾಗಿದೆ, ಅದು ಆ ಮನೆಯಲ್ಲಿಲ್ಲ. ಕೆಲವು ಔಷಧಿಗಳಿಂದಲೂ ಆಗುತ್ತದೆ, ಅದೂ ಇರಲಿಲ್ಲವಂತೆ. ಸಾವಿರ ಕೂಸುಗಳಲ್ಲಿ ಆ ಒಂದು ಯಾಕೆ ಇದೇ ಮನೆಗೆ ಬಂತು ಎಂಬುದಕ್ಕೆ ಅಟ್ಲಾಂಟಾದ ಪುಸ್ತಕದಲ್ಲೂ ಉತ್ತರವಿಲ್ಲ.